ಮಕ್ಕಳು ತಿರುಗಿ ನಿಂತಾಗ: ಹಠ, ಎದುರುಮಾತು, ಸಿಟ್ಟನ್ನು ಹಂತ ಹಂತವಾಗಿ ನಿಭಾಯಿಸುವ ಬಗೆ

ಆಷಾಢದ ಒಂದು ಸಂಜೆ. ಮಗ ಆಗ ಎಂಟನೇ ಕ್ಲಾಸು. ತೀರ್ಥಹಳ್ಳಿಯಿಂದ ಬಂದ ಬಸ್ಸಿಳಿದು, ತೋಟದ ದಾರಿಯಲ್ಲಿ ಎರಡು ಕಿಲೋಮೀಟರ್ ನಡೆದರೆ ನಮ್ಮ ಮನೆ. ಅವನು ಜಗಲಿಗೆ ಕಾಲಿಡುವ ಮೊದಲೇ ನಾನು ಒಳಗಿಂದ ಕೂಗಿದೆ: "ಅಪ್ಪಿ, ಸಾಕ್ಸ್ ಅಲ್ಲೇ ತೆಗಿ, ಬ್ಯಾಗ್ ನೆಲದ ಮೇಲೆ ಇಡ್ಬೇಡ, ಟೆಸ್ಟ್ ಪೇಪರ್ ಕೊಟ್ರಾ?" ಉತ್ತರ ಇಲ್ಲ. ಇನ್ನೊಮ್ಮೆ ಕೇಳಿದೆ, ಸ್ವಲ್ಪ ಜೋರಾಗಿ. ಬ್ಯಾಗ್ ಹಾರಿ ಬಂದು ಕಂಬಕ್ಕೆ ಬಡಿಯಿತು. "ಯಾವಾಗ್ಲೂ ಇದೇ ರಗಳೆ ನಿಂದು!" ತೋಟದಿಂದ ಬಂದ ಅವನ ಅಪ್ಪ ಕೈ ಎತ್ತಿದರು. ಅಜ್ಜಿ ಅಡ್ಡ ಬಂದರು. ಆ ರಾತ್ರಿ ಯಾರೂ ಒಟ್ಟಿಗೆ ಕೂತು ಊಟ ಮಾಡಲಿಲ್ಲ.

ಆ ಮಳೆಗಾಲದಲ್ಲಿ ವಾರಕ್ಕೆ ಮೂರು ದಿನ ನಮ್ಮನೆಯಲ್ಲಿ ಹೀಗೇ ಆಗುತ್ತಿತ್ತು. ಕೊನೆಗೆ ಶಿವಮೊಗ್ಗದಲ್ಲಿ ಮನೋವೈದ್ಯರನ್ನು ಕಂಡೆವು. ಅವರಿಂದ ಕಲಿತದ್ದು ಸ್ವಲ್ಪ, ಮನೆಯಲ್ಲಿ ಮಾಡಿ ನೋಡಿ ಕಲಿತದ್ದು ಜಾಸ್ತಿ. ಮೊದಲೇ ಗೊತ್ತಿದ್ದಿದ್ದರೆ ಯಾವ ಕ್ರಮದಲ್ಲಿ ಮಾಡುತ್ತಿದ್ದೆನೋ, ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಇದು ಎಂಥ ಹಠ ಅಂತ ನೋಡಿ

ಎರಡು ಮೂರು ವರ್ಷದ ಮಗು "ಬೇಡ" ಅನ್ನಲೇಬೇಕು. ತಾನು ಬೇರೆ, ಅಮ್ಮ ಬೇರೆ ಅಂತ ಅದಕ್ಕೆ ಗೊತ್ತಾಗುವುದೇ ಹಾಗೆ. ಹದಿಮೂರು ಹದಿನಾಲ್ಕರ ಹೊತ್ತಿಗೆ ಅದೇ ಕೆಲಸ ಇನ್ನೊಮ್ಮೆ ದೊಡ್ಡದಾಗಿ ನಡೆಯುತ್ತದೆ. ಆ ವಯಸ್ಸಿನಲ್ಲಿ ಸಿಟ್ಟು, ಆಸೆಯ ವೇಗ ಬೇಗ ಬೆಳೆದುಬಿಟ್ಟಿರುತ್ತದೆ. ಅದಕ್ಕೆ ಲಗಾಮು ಹಾಕುವ ಮಿದುಳಿನ ಮುಂಭಾಗ ಮಾತ್ರ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಬಾಗಿಲು ಬಡಿಯುವುದು, ಮುಖ ಊದಿಸಿಕೊಳ್ಳುವುದು, "ನಿಮಗೇನೂ ಗೊತ್ತಾಗಲ್ಲ" ಅನ್ನುವುದು, ಇಷ್ಟೇ ಆದರೆ ಅದು ರೋಗವಲ್ಲ.

ವೈದ್ಯರು ಒ.ಡಿ.ಡಿ. ಅನ್ನುವ, ಅಂದರೆ ಅಪೊಸಿಷನಲ್ ಡಿಫೈಯಂಟ್ ಡಿಸಾರ್ಡರ್ ಅನ್ನುವ ಸಮಸ್ಯೆ ಬೇರೆ. ಅವರು ಎಂಟು ಲಕ್ಷಣಗಳನ್ನು ನೋಡುತ್ತಾರೆ: ಪದೇ ಪದೇ ಸಿಟ್ಟಿಗೇಳುವುದು, ಸಣ್ಣದಕ್ಕೂ ಕೆರಳುವುದು, ಸದಾ ಅಸಮಾಧಾನ, ದೊಡ್ಡವರ ಜತೆ ವಾದ, ಹೇಳಿದ್ದನ್ನು ಬೇಕಂತಲೇ ಮಾಡದಿರುವುದು, ಬೇಕಂತಲೇ ರೇಗಿಸುವುದು, ತನ್ನ ತಪ್ಪನ್ನು ಬೇರೆಯವರ ಮೇಲೆ ಹಾಕುವುದು, ಸೇಡು ಇಟ್ಟುಕೊಳ್ಳುವುದು. ಇವುಗಳಲ್ಲಿ ಕನಿಷ್ಠ ನಾಲ್ಕು, ಕನಿಷ್ಠ 6 ತಿಂಗಳು ಇರಬೇಕು. ಅದೂ ಅಣ್ಣ ತಮ್ಮ ಅಕ್ಕ ತಂಗಿಯರ ಜತೆಗಿನ ಜಗಳದಲ್ಲಿ ಮಾತ್ರ ಕಂಡರೆ ಸಾಲದು. ಮನೆ, ಶಾಲೆ ಅಥವಾ ಗೆಳೆಯರ ನಡುವಿನ ಬದುಕಿಗೆ ಅದರಿಂದ ನಿಜವಾಗಿ ಪೆಟ್ಟು ಬೀಳುತ್ತಿರಬೇಕು. ಈ ಪಟ್ಟಿ ಹಿಡಿದು ನೀವೇ ಮಗುವಿಗೆ ಹಣೆಪಟ್ಟಿ ಹಚ್ಚಬೇಡಿ. ಯಾವಾಗ ಸಹಾಯ ಕೇಳಬೇಕು ಅಂತ ತಿಳಿಯಲು ಮಾತ್ರ ಇಟ್ಟುಕೊಳ್ಳಿ. ಮುಂದೆ ಹೇಳುವ ಹೆಜ್ಜೆಗಳು ಎರಡೂ ಬಗೆಯ ಹಠಕ್ಕೂ ಸಲ್ಲುತ್ತವೆ.

ಹೆಜ್ಜೆ 1: ಎರಡು ವಾರ ಸುಮ್ನೆ ಬರೆದಿಡಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಒಂದು ಹಳೇ ನೋಟ್‌ಬುಕ್ ಸಾಕು. ಪ್ರತಿ ಜಗಳಕ್ಕೂ ನಾಲ್ಕು ಸಾಲು: ಎಷ್ಟು ಗಂಟೆಗೆ, ಅದಕ್ಕೆ ಮುಂಚೆ ಏನಾಗುತ್ತಿತ್ತು, ಮಗು ಏನು ಮಾಡಿತು, ಆಮೇಲೆ ನಾವು ಏನು ಮಾಡಿದೆವು. ಕೊನೆಯ ಸಾಲು ಬರೆಯುವುದೇ ಕಷ್ಟ. ಆದರೂ ಪ್ರಾಮಾಣಿಕವಾಗಿ ಬರೆಯಿರಿ. "ನಾನು ಕೂಗಿದೆ. ಅವನೂ ಕೂಗಿದ. ಸಾಕಾಗಿ ಮೊಬೈಲ್ ಕೊಟ್ಟೆ" ಅನ್ನುವ ಹಾಗೆ.

ನಮ್ಮ ನೋಟ್‌ಬುಕ್‌ನಲ್ಲಿ ಹನ್ನೊಂದು ಜಗಳ ಇದ್ದವು. ಏಳು ಸಂಜೆ ಐದೂವರೆಯಿಂದ ಆರರ ಒಳಗೆ. ಅಂದರೆ ಅವನು ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು, ಮಧ್ಯಾಹ್ನ ತಣ್ಣಗಾದ ಡಬ್ಬಿ ಉಂಡು, ಒದ್ದೆ ಬಟ್ಟೆಯಲ್ಲಿ, ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕಿತ್ತುಕೊಳ್ಳುತ್ತ ಮನೆಗೆ ಬರುವ ಹೊತ್ತು. ಆ ಹೊತ್ತಿಗೆ ನಾನು ಒಂದೇ ಉಸಿರಿಗೆ ಮೂರು ಮಾತು ಹೇಳುತ್ತಿದ್ದೆ.

ಬದಲಾಯಿಸಿದ್ದು ಇಷ್ಟೇ. ಬಚ್ಚಲು ಒಲೆಗೆ ಬೆಂಕಿ ಮೊದಲೇ ಹಾಕಿಟ್ಟೆ. ಅವನು ಬಂದ ತಕ್ಷಣ ಬಿಸಿನೀರಿನಲ್ಲಿ ಕಾಲು ತೊಳೆದು ಒಲೆ ಮುಂದೆ ಕೂರಲಿ ಅಂತ ಬಿಟ್ಟೆ. ಕೈಗೆ ಒಂದು ಲೋಟ ಕಷಾಯ, ಒಂದು ಅಕ್ಕಿರೊಟ್ಟಿ. ಅರ್ಧ ಗಂಟೆ ಒಂದೂ ಪ್ರಶ್ನೆ ಇಲ್ಲ. ಏಳು ಜಗಳದಲ್ಲಿ ನಾಲ್ಕು ಅಷ್ಟಕ್ಕೇ ನಿಂತವು. ಉಳಿದವಕ್ಕೆ ಬೇರೆ ಕೆಲಸ ಬೇಕಾಯಿತು.

ಹೆಜ್ಜೆ 2: ಹಠದ ಹಿಂದೆ ಬೇರೇನಾದರೂ ಇದೆಯಾ?

ಹೇಳಿದ್ದು ಕೇಳದ ಮಗುವಿಗೆ ಕೆಲವೊಮ್ಮೆ ನಿಜವಾಗಿಯೂ ಕೇಳಿಸಿರುವುದಿಲ್ಲ. ಶೀತ, ಕಿವಿ ಸೋರುವುದು ನಮ್ಮ ಕಡೆ ಸಾಮಾನ್ಯ, ಒಮ್ಮೆ ಕಿವಿ ತೋರಿಸಿ. ಕಣ್ಣೂ ತೋರಿಸಿ. ನಿದ್ದೆ ಲೆಕ್ಕ ಹಾಕಿ: 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ಬೇಕು. ಹದಿಹರೆಯದಲ್ಲಿ ದೇಹದ ಗಡಿಯಾರವೇ ಹಿಂದೆ ಸರಿದು ನಿದ್ದೆ ತಡವಾಗಿ ಬರುತ್ತದೆ. ನಮ್ಮ ಹಳ್ಳಿಗಳ ಮಕ್ಕಳಿಗೆ ಬಸ್ ಮಾತ್ರ ಬೆಳಿಗ್ಗೆ ಏಳಕ್ಕೇ. ಬೆಳಿಗ್ಗೆ ಸಿಡುಕುವ ಹುಡುಗನನ್ನು ಸೋಮಾರಿ ಅನ್ನುವ ಮೊದಲು ಇದನ್ನು ನೆನೆಯಿರಿ.

ಓದುವಾಗ ಮಾತ್ರ ಹಠ ಮಾಡುವ ಮಗುವಿಗೆ ಅಕ್ಷರ ಜೋಡಿಸುವುದೇ ಕಷ್ಟ ಇರಬಹುದು. "ಬರಲ್ಲ" ಅನ್ನುವುದಕ್ಕಿಂತ "ಮಾಡಲ್ಲ" ಅನ್ನುವುದರಲ್ಲಿ ಮಾನ ಉಳಿಯುತ್ತದೆ ಅಲ್ವಾ? ಎ.ಡಿ.ಎಚ್.ಡಿ. ಅಂದರೆ ಗಮನ ನಿಲ್ಲದ ತೊಂದರೆ ಇರುವ ಮಕ್ಕಳಲ್ಲಿ ಇಂಥ ಎದುರು ನಿಲ್ಲುವ ಸ್ವಭಾವ ತುಂಬ ಸಲ ಜತೆಗೇ ಕಾಣುತ್ತದೆ. ಭಯ, ಖಿನ್ನತೆ ಕೂಡ ಮಕ್ಕಳಲ್ಲಿ ಅಳುವಿಗಿಂತ ಸಿಡುಕಾಗಿ ಹೊರಗೆ ಬರಬಹುದು. ಹಾಸ್ಟೆಲ್‌ನಲ್ಲೋ ನೆಂಟರ ಮನೆಯಲ್ಲೋ ಇದ್ದು ಓದುವ ಮಗು ರಜೆಗೆ ಬಂದಾಗ ಬೇರೆಯೇ ಆಗಿದ್ದರೆ, ಅಲ್ಲಿ ಯಾರಾದರೂ ಹೆದರಿಸುತ್ತಿದ್ದಾರಾ, ಮೈ ಮುಟ್ಟುತ್ತಿದ್ದಾರಾ ಅಂತ ಮೆತ್ತಗೆ ಕೇಳಿ. ಮನೆಯಲ್ಲೇ ಕುಡಿತ, ಗಂಡ ಹೆಂಡಿರ ಜಗಳ ಇದ್ದರೆ ಅದನ್ನು ಬಿಟ್ಟು ಮಗುವನ್ನು ಮಾತ್ರ ತಿದ್ದಲು ಆಗುವುದಿಲ್ಲ.

ಹೆಜ್ಜೆ 3: ದಿನಕ್ಕೆ ಹದಿನೈದು ನಿಮಿಷ ಜಗಳವಿಲ್ಲದ ಹೊತ್ತು

ಇಲ್ಲಿ ಏನೂ ಕಲಿಸಬಾರದು, ಕೇಳಬಾರದು, ತಿದ್ದಬಾರದು. ಚಿಕ್ಕವರಾದರೆ ಅವರು ಆಡುವ ಆಟಕ್ಕೆ ಹೋಗಿ ಕೂರಿ, ಅವರು ಹೇಳಿದ ಹಾಗೆ ಆಡಿ. ದೊಡ್ಡವರಾದರೆ ಪಕ್ಕದಲ್ಲಿ ಕೂತು ಏನಾದರೂ ಮಾಡಿ. ಎದುರು ಬದುರು ಕೂತು "ಹೇಳು, ಏನು ನಿನ್ನ ಸಮಸ್ಯೆ" ಅಂದರೆ ಯಾವ ಹುಡುಗನೂ ಬಾಯಿ ಬಿಡುವುದಿಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಮೆಟ್ಟುಗತ್ತಿ ಹಾಕಿ ಕೂತಾಗ ನನ್ನ ಮಗ ಮಾತಾಡಿದಷ್ಟು ಇಡೀ ವರ್ಷ ಮಾತಾಡಿರಲಿಲ್ಲ. ಕೈಗೆ ಕೆಲಸ ಇತ್ತು, ಕಣ್ಣಿಗೆ ಕಣ್ಣು ಸೇರಿಸಬೇಕಾಗಿರಲಿಲ್ಲ.

ಜತೆಗೆ, ಸರಿಯಾಗಿ ಮಾಡಿದ್ದನ್ನು ಅದೇ ಕ್ಷಣ ಹೆಸರಿಟ್ಟು ಹೇಳಿ. "ಒಳ್ಳೆ ಹುಡುಗ" ಅಂದರೆ ಸಾಲದು. "ನಾನು ಒಂದೇ ಸಲ ಹೇಳಿದ್ದಕ್ಕೆ ಟಿವಿ ಆರಿಸಿದೆ, ಖುಷಿ ಆಯ್ತು" ಅನ್ನಿ. ಮಗ ಶಾಂತವಾಗಿ ಇರುವಾಗ ನಾವು ನಮ್ಮ ಕೆಲಸ ನೋಡಿಕೊಳ್ಳುತ್ತೇವೆ, ರಂಪ ಮಾಡಿದಾಗ ಮಾತ್ರ ಮನೆಮಂದಿಯೆಲ್ಲ ಓಡಿ ಬರುತ್ತೇವೆ. ನಮ್ಮ ಕಡೆಯ ಒಂಟಿಮನೆಗಳಲ್ಲಿ, ಆಡಲು ಇನ್ನೊಂದು ಮಗುವಿಲ್ಲದೆ, ನಾಲ್ಕು ತಿಂಗಳ ಮಳೆಯಲ್ಲಿ ಒಳಗೇ ಇರುವ ಮಗುವಿಗೆ ಆ ಓಡಿ ಬರುವಿಕೆಯೇ ದೊಡ್ಡ ಸಂಪಾದನೆ.

ಕನಿಷ್ಠ ಎರಡು ವಾರ ಇದನ್ನು ಮಾಡಿದ ಮೇಲೆಯೇ ಮುಂದಿನ ಹೆಜ್ಜೆ. ಸಂಬಂಧದಲ್ಲಿ ಏನೂ ಉಳಿದಿಲ್ಲದಾಗ ಹಾಕುವ ಶಿಸ್ತು ಬರೀ ಹೊಸ ಯುದ್ಧ.

ಹೆಜ್ಜೆ 4: ಹೇಳುವ ರೀತಿ ಬದಲಾಯಿಸಿ

ಅಡುಗೆಮನೆಯಿಂದ ಕೂಗಬೇಡಿ. ಹತ್ತಿರ ಹೋಗಿ, ಹೆಸರು ಹಿಡಿದು ಕರೆಯಿರಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. "ಸ್ವಲ್ಪ ಪುಸ್ತಕ ಎತ್ತಿಡ್ತೀಯಾ?" ಅಂದರೆ ಅದು ಪ್ರಶ್ನೆ. "ಇಲ್ಲ" ಅನ್ನಲು ಅವನಿಗೆ ಹಕ್ಕು ಕೊಟ್ಟಂತೆ. "ಪುಸ್ತಕ ಎತ್ತಿ ಕಪಾಟಿನಲ್ಲಿ ಇಡು" ಅನ್ನಿ. ಮನಸ್ಸಿನಲ್ಲೇ ಹತ್ತು ಎಣಿಸಿ. ಆ ಹತ್ತು ಎಣಿಕೆಯಲ್ಲಿ ಇನ್ನೊಂದು ಮಾತು ಸೇರಿಸಬೇಡಿ. ಮಾಡದಿದ್ದರೆ ಇನ್ನೊಂದೇ ಸಲ, ಈ ಬಾರಿ ಮಾಡದಿದ್ದರೆ ಏನಾಗುತ್ತದೆ ಅನ್ನುವುದನ್ನೂ ಸೇರಿಸಿ. ಮೂರನೇ ಸಲ ಹೇಳಬೇಡಿ, ಹೇಳಿದ್ದನ್ನು ಮಾಡಿ.

ಆಟದ ಮಧ್ಯದಿಂದ ಎಬ್ಬಿಸುವುದಾದರೆ ಐದು ನಿಮಿಷ ಮುಂಚೆ ಸೂಚನೆ ಕೊಡಿ. ಆಗುವ ಕಡೆ ಆಯ್ಕೆ ಕೊಡಿ: "ಸ್ನಾನ ಮೊದಲಾ, ಊಟ ಮೊದಲಾ?" ಎರಡೂ ನಮಗೆ ಒಪ್ಪಿಗೆಯೇ, ಆದರೆ ಆರಿಸಿದ್ದು ಅವನು. ಇನ್ನೊಂದು: ಆಜ್ಞೆಗಳನ್ನು ಕಡಿಮೆ ಮಾಡಿ. ಒಂದು ದಿನ ನಾನು ಎಷ್ಟು ಸಲ "ಮಾಡು, ಮಾಡ್ಬೇಡ" ಅಂದೆ ಅಂತ ಗೋಡೆಗೆ ನೇತು ಹಾಕಿದ ಕ್ಯಾಲೆಂಡರಿನ ಮೇಲೆ ಗೆರೆ ಎಳೆದೆ. ಊಟದ ಹೊತ್ತಿಗೇ ಮೂವತ್ತು ದಾಟಿತ್ತು.

ಹೆಜ್ಜೆ 5: ಜಗಳದ ಸುಳಿ ಗುರುತಿಸಿ, ಅದರಿಂದ ಹೊರಗೆ ಬನ್ನಿ

ಇಡೀ ವಿಷಯದ ತಿರುಳು ಇದೇ. ಅಮೆರಿಕದ ಆರೆಗನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಜತೆಗಾರರು ವರ್ಷಗಟ್ಟಲೆ ಕುಟುಂಬಗಳ ನಡವಳಿಕೆಯನ್ನು ಗಮನಿಸಿ ಈ ಸುಳಿಯನ್ನು ವಿವರಿಸಿದರು. ಅದು ನಮ್ಮ ಮನೆಯ ಜಗಲಿಯಲ್ಲೂ ಹಾಗೇ ನಡೆಯುತ್ತದೆ.

ಅಮ್ಮ ಹೇಳುತ್ತಾಳೆ, ಮಗ ಒಲ್ಲೆ ಅನ್ನುತ್ತಾನೆ. ಅಮ್ಮ ದನಿ ಏರಿಸುತ್ತಾಳೆ, ಮಗ ಇನ್ನೂ ಏರಿಸುತ್ತಾನೆ. ಕೊನೆಗೆ ಅಮ್ಮ ಸೋತು "ಹಾಳಾಗಿ ಹೋಗು" ಅಂತ ಬಿಟ್ಟುಬಿಡುತ್ತಾಳೆ. ತಕ್ಷಣ ಮನೆ ಶಾಂತ. ಮಗ ಕಲಿತದ್ದು: ಕೂಗಾಡಿದರೆ ಕೆಲಸ ತಪ್ಪುತ್ತದೆ. ಅಮ್ಮ ಕಲಿತದ್ದು: ಬಿಟ್ಟುಕೊಟ್ಟರೆ ಗಲಾಟೆ ನಿಲ್ಲುತ್ತದೆ. ಇನ್ನೊಂದು ದಿನ ಅಪ್ಪ ಹೊಡೆಯುತ್ತಾರೆ, ಮಗ ಸುಮ್ಮನಾಗುತ್ತಾನೆ. ಅಪ್ಪ ಕಲಿತದ್ದು: ಹೊಡೆದರೆ ಕೇಳುತ್ತಾನೆ. ಮಗ ಕಲಿತದ್ದು: ಬಲ ಇದ್ದವನು ಗೆಲ್ಲುತ್ತಾನೆ. ಯಾರೂ ಬೇಕಂತ ಮಾಡಿದ್ದಲ್ಲ. ದಿನಾ ಒಬ್ಬರಿಗೊಬ್ಬರು ಪಾಠ ಹೇಳಿಕೊಡುತ್ತಿದ್ದೇವೆ, ಅಷ್ಟೇ.

ಹೊರಗೆ ಬರುವುದು ಹೀಗೆ. ಮೊದಲ ಒಲ್ಲೆ ಬಂದಾಗಲೇ ನಿಮ್ಮ ದನಿ ಇಳಿಸಿ. ಹೇಳಬೇಕಾದ್ದನ್ನು ಒಂದೇ ವಾಕ್ಯದಲ್ಲಿ ಹೇಳಿ: "ನಿನಗೆ ಸಿಟ್ಟು ಬಂದಿದೆ, ಗೊತ್ತಾಗ್ತಿದೆ. ಒಂಬತ್ತೂವರೆಗೆ ಮೊಬೈಲ್ ಕಪಾಟಿಗೆ." ಅವನು ಹತ್ತು ವಾದ ಹೂಡಿದರೆ ಹತ್ತಕ್ಕೂ ಉತ್ತರ ಕೊಡಬೇಡಿ. ವಾದ ಎರಡು ಕೈ ಸೇರಿದ ಚಪ್ಪಾಳೆ, ನಿಮ್ಮ ಕೈ ತೆಗೆಯಿರಿ. ಬೇಕಿದ್ದರೆ ಆ ಕೋಣೆಯಿಂದ ಎದ್ದು ಅಂಗಳಕ್ಕೆ ಹೋಗಿ. ಸಿಟ್ಟಿನ ಉತ್ತುಂಗದಲ್ಲಿ ಬುದ್ಧಿಮಾತು ಕಿವಿಗೆ ಬೀಳುವುದಿಲ್ಲ, ಶಾಂತವಾದ ಮೇಲೆ ಮಾತಾಡಿ. ಆದರೆ ಹೇಳಿದ್ದನ್ನು ಮಾತ್ರ ಬದಲಾಯಿಸಬೇಡಿ.

ಒಂದು ಎಚ್ಚರಿಕೆ ಇದೆ, ಇದನ್ನು ನನಗೆ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಹಳೇ ಉಪಾಯ ಕೆಲಸ ಮಾಡದಿದ್ದಾಗ ಮಗು ಅದನ್ನೇ ದುಪ್ಪಟ್ಟು ಜೋರಾಗಿ ಮಾಡಿ ನೋಡುತ್ತದೆ. ನಾವು ಶುರು ಮಾಡಿದ ನಾಲ್ಕನೇ ರಾತ್ರಿ ಮಗ ಕೋಣೆಯ ಬಾಗಿಲಿಗೆ ಒದ್ದು ಅಗುಳಿ ಕಿತ್ತು ಬಂತು. ಅವನ ಅಪ್ಪ ಎದ್ದವರು ನನ್ನ ಮುಖ ನೋಡಿ ಮತ್ತೆ ಕೂತರು. ನಾನೂ ಅವರೂ ಅಡಿಕೆ ಆರಿಸುತ್ತಲೇ ಇದ್ದೆವು, ನನ್ನ ಕೈ ನಡುಗುತ್ತಿತ್ತು. ಇಪ್ಪತ್ತು ನಿಮಿಷ. ಆಮೇಲೆ ಮೊಬೈಲ್ ಕಪಾಟಿನಲ್ಲಿ ಇಟ್ಟ ಸದ್ದು ಕೇಳಿಸಿತು. ಆ ಇಪ್ಪತ್ತು ನಿಮಿಷದಲ್ಲಿ ಬಿಟ್ಟುಕೊಟ್ಟಿದ್ದರೆ, ಬಾಗಿಲು ಮುರಿಯುವಷ್ಟು ಹಠ ಮಾಡಬೇಕು ಅಂತ ನಾವೇ ಕಲಿಸಿದಂತೆ ಆಗುತ್ತಿತ್ತು. ಮರುದಿನ ಅಪ್ಪ ಮಗ ಸೇರಿ ಅಗುಳಿ ಹಾಕಿದರು. ಸ್ಕ್ರೂಗೆ ದುಡ್ಡು ಅವನ ಉಳಿತಾಯದ್ದು.

ಹೆಜ್ಜೆ 6: ಶಿಕ್ಷೆ ಚಿಕ್ಕದಿರಲಿ, ಖಚಿತವಿರಲಿ

ಒಂದು ತಿಂಗಳು ಮೊಬೈಲ್ ಇಲ್ಲ ಅಂತ ಸಿಟ್ಟಿನಲ್ಲಿ ಹೇಳಿ ಮೂರನೇ ದಿನ ಕೊಡುವುದಕ್ಕಿಂತ, ಒಂದೇ ಸಂಜೆ ಇಲ್ಲ ಅಂತ ಹೇಳಿ ಹಾಗೇ ಮಾಡುವುದು ಮೇಲು. ಮುರಿದದ್ದನ್ನು ಸರಿ ಮಾಡಿಸುವುದು, ಚೆಲ್ಲಿದ್ದನ್ನು ಒರೆಸುವುದು, ತಡ ಮಾಡಿದಷ್ಟು ಹೊತ್ತು ಆಟ ಕಡಿಮೆಯಾಗುವುದು, ಇಂಥ ತಪ್ಪಿಗೆ ತಕ್ಕ ಪರಿಣಾಮ ಸಾಕು. ಊಟ ತಪ್ಪಿಸಬೇಡಿ. "ಹಾಸ್ಟೆಲಿಗೆ ಹಾಕ್ತೀನಿ", "ನೀನು ನನ್ನ ಮಗನೇ ಅಲ್ಲ" ಅನ್ನಬೇಡಿ. ಶಿಕ್ಷೆ ಮುಗಿದ ಮೇಲೆ ಮುಗಿಯಿತು, ಮರುದಿನ ತೆಗೆಯಬೇಡಿ.

ಹೊಡೆಯುವ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ: ಬೇಡ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅನ್ನುವ ಗಾದೆ ಹೇಳಿ ಕೋಲು ಹಿಡಿಯುವವರು ನಮ್ಮಲ್ಲಿ ಬಹಳ. ಗಿಡ ಬಗ್ಗಿಸುವವರು ಅದನ್ನು ಹೊಡೆಯುವುದಿಲ್ಲ, ಆಸರೆಗೆ ಕಟ್ಟುತ್ತಾರೆ. ಪೆಟ್ಟು ತಿಂದ ಮಕ್ಕಳಲ್ಲಿ ಸಿಟ್ಟು, ಜಗಳಗಂಟಿತನ ಜಾಸ್ತಿಯಾಗುತ್ತದೆ ಅನ್ನುವುದು ಹಲವು ಅಧ್ಯಯನಗಳಲ್ಲಿ ಕಂಡ ಸಂಗತಿ. ಹದಿನಾರರ ಹುಡುಗ ತಿರುಗಿ ಕೈ ಹಿಡಿದುಕೊಂಡ ದಿನ ಆ ದಾರಿ ಹೇಗೂ ಮುಗಿಯುತ್ತದೆ. ಶಾಲೆಯಲ್ಲಂತೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಹೆಜ್ಜೆ 7: ದೊಡ್ಡವರೆಲ್ಲ ಒಂದೇ ಮಾತಿನಲ್ಲಿರಿ

ಅಪ್ಪಯ್ಯ ಬೇಡ ಅಂದದ್ದಕ್ಕೆ ಅಜ್ಜಿ ಹೂಂ ಅಂದರೆ ಮಗು ಅಜ್ಜಿ ಹತ್ತಿರವೇ ಹೋಗುತ್ತದೆ. ಅದು ಮಗುವಿನ ತಪ್ಪಲ್ಲ. ಅತ್ತೆಯವರಿಗೆ ನಾನು "ನೀವು ಮುದ್ದು ಮಾಡಿ ಹಾಳು ಮಾಡ್ತಿದ್ದೀರಿ" ಅಂದಿದ್ದರೆ ಮನೆಯಲ್ಲಿ ಇನ್ನೊಂದು ಜಗಳ ಶುರುವಾಗುತ್ತಿತ್ತು. "ಅತ್ತೆ, ಮೂರೇ ವಿಷಯಕ್ಕೆ ನೀವು ನಮ್ಮ ಜತೆ ನಿಲ್ಲಬೇಕು: ಮೊಬೈಲ್, ಮಲಗೋ ಹೊತ್ತು, ಕೆಟ್ಟ ಮಾತು. ಬಾಕಿ ಎಲ್ಲ ನಿಮಗೇ ಬಿಟ್ಟಿದ್ದು" ಅಂದೆ. ಅವರು ಒಪ್ಪಿದರು, ನಡೆಸಿಯೂ ಕೊಟ್ಟರು. ಮೊಮ್ಮಗನಿಗೆ ಕಡುಬಿನ ಮೇಲೆ ತುಪ್ಪ ಜಾಸ್ತಿ ಬೀಳುವುದು ಮಾತ್ರ ನಿಂತಿಲ್ಲ, ನಿಲ್ಲುವುದೂ ಬೇಡ.

ಶಾಲೆಗೂ ಒಮ್ಮೆ ಹೋಗಿ. ದೂರು ಹೇಳಲು ಬೇಡ, "ಮನೆಯಲ್ಲಿ ಹೀಗೆ ಮಾಡುತ್ತಿದ್ದೇವೆ, ನಿಮಗೆ ಏನು ಕಾಣುತ್ತಿದೆ" ಅಂತ ಕೇಳಲು.

ಹೆಜ್ಜೆ 8: ಹದಿಹರೆಯದವರ ಜತೆ ಒಪ್ಪಂದ

ಹನ್ನೆರಡು ದಾಟಿದ ಮೇಲೆ ಬರೀ ಆಜ್ಞೆ ನಡೆಯುವುದಿಲ್ಲ. ಮೊದಲು ನಿಮ್ಮಲ್ಲೇ ಮೂರು ಗುಂಪು ಮಾಡಿ. ಎಂದೂ ಬಿಟ್ಟುಕೊಡಲಾಗದ್ದು: ಹೊಡೆದಾಟ, ಕುಡಿತ, ಗುಟ್ಕಾ, ಲೈಸೆನ್ಸ್ ಇಲ್ಲದೆ ಬೈಕು, ತುಂಬಿದ ಹೊಳೆಗೆ ಇಳಿಯುವುದು. ಮಾತಾಡಿ ತೀರ್ಮಾನಿಸಬಹುದಾದ್ದು: ಮೊಬೈಲ್, ಓದುವ ಹೊತ್ತು, ಮನೆಗೆ ಬರುವ ಹೊತ್ತು. ಸುಮ್ನೆ ಬಿಟ್ಟುಬಿಡಬಹುದಾದ್ದು: ಕೂದಲು, ಬಟ್ಟೆ, ಕೋಣೆಯ ಅವತಾರ. ಕೂದಲಿಗಾಗಿ ದಿನಾ ಜಗಳವಾಡಿದರೆ ಬೈಕಿನ ವಿಷಯ ಬಂದಾಗ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ನಡುವಿನ ಗುಂಪಿನಿಂದ ಒಂದೇ ಒಂದು ವಿಷಯ ಆರಿಸಿ, ಶಾಂತವಾದ ಹೊತ್ತಿನಲ್ಲಿ ಕೂರಿ. ಮೊದಲು ಅವನ ಕಷ್ಟ ಕೇಳಿ, ಅಡ್ಡ ಬಾಯಿ ಹಾಕದೆ. ಆಮೇಲೆ ನಿಮ್ಮ ಚಿಂತೆ ಹೇಳಿ. ಇಬ್ಬರದೂ ನಡೆಯುವ ದಾರಿ ಅವನೇ ಹೇಳಲಿ. ನನ್ನ ಮಗ ಹೇಳಿದ: ರಾತ್ರಿ ಆಟದ ಮಧ್ಯೆ ಕಿತ್ತುಕೊಂಡರೆ ಗೆಳೆಯರ ಮುಂದೆ ಅವಮಾನ, ಒಂಬತ್ತರ ಬದಲು ಒಂಬತ್ತೂವರೆ ಮಾಡಿ, ತಾನೇ ಕಪಾಟಿನಲ್ಲಿ ಇಡುತ್ತೇನೆ. ನಾನು ಒಪ್ಪಿದೆ. ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದೆವು. ಅವನೂ ಒಂದು ಸಾಲು ಸೇರಿಸಿದ: "ನೆಂಟರ ಮುಂದೆ ಅಮ್ಮ ನನ್ನ ಮಾರ್ಕ್ಸ್ ಹೇಳಬಾರದು." ಅದನ್ನು ಓದಿದಾಗ ನನ್ನ ಗಂಟಲು ಕಟ್ಟಿತು. ಎರಡು ವರ್ಷದಿಂದ ನಾನು ಅದನ್ನು ಮಾಡುತ್ತಲೇ ಇದ್ದೆ.

ಹದಿನೈದು ದಿನಕ್ಕೊಮ್ಮೆ ಆ ಹಾಳೆ ತೆಗೆದು ನೋಡಿ. ನಡೆದ ಒಪ್ಪಂದಕ್ಕೆ ಪ್ರತಿಫಲ ಇರಲಿ. ನಮ್ಮಲ್ಲಿ ಅದು ಭಾನುವಾರ ಕೇಳದೇ ವಾಲಿಬಾಲ್‌ಗೆ ಹೋಗುವ ಸ್ವಾತಂತ್ರ್ಯ.

ಹೆಜ್ಜೆ 9: ಯಾವಾಗ, ಎಲ್ಲಿ ಸಹಾಯ ಕೇಳಬೇಕು

ಎರಡು ಮೂರು ತಿಂಗಳು ಇದನ್ನೆಲ್ಲ ಮಾಡಿಯೂ ಇಳಿಯದಿದ್ದರೆ, ಶಾಲೆಯಲ್ಲೂ ಇದೇ ಇದ್ದರೆ, ಅಥವಾ ನಿಮಗೇ ಕೈ ಸೋತರೆ ವೈದ್ಯರನ್ನು ಕಾಣಿ. ಪ್ರಾಣಿಗಳಿಗೆ ಹಿಂಸೆ, ಕಳ್ಳತನ, ಬೆಂಕಿ ಹಚ್ಚುವುದು, ಮನೆ ಬಿಟ್ಟು ಓಡುವುದು ಕಂಡರೆ ತಡ ಮಾಡಲೇಬೇಡಿ. "ಸತ್ತುಹೋಗ್ತೀನಿ" ಅನ್ನುವ ಮಾತನ್ನು ಎಂದೂ ನಾಟಕ ಅಂತ ಬಿಡಬೇಡಿ. ತೋಟದ ಮನೆಗಳಲ್ಲಿ ಕಳೆನಾಶಕ, ಕೀಟನಾಶಕ ಕೈಗೆ ಸಿಗುವಂತೆ ಇರುತ್ತವೆ. ಅವನ್ನು ಇವತ್ತೇ ಬೀಗ ಹಾಕಿಡಿ, ಕೋವಿ ಇದ್ದರೆ ಅದನ್ನೂ. ಮಗುವನ್ನು ಒಂಟಿ ಬಿಡದೆ ಅದೇ ದಿನ ಕರೆದುಕೊಂಡು ಹೋಗಿ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ಮಾನಸಿಕ ಆರೋಗ್ಯಕ್ಕೆ ಅಂತಲೇ ಇರುವ ಸರ್ಕಾರದ ಮನೋಚೈತನ್ಯ ಕ್ಲಿನಿಕ್ ನಿಮ್ಮ ತಾಲ್ಲೂಕಿನಲ್ಲಿ ಎಂದು ನಡೆಯುತ್ತದೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗವಿದೆ. ಮಳೆಗೆ ದಾರಿ ಕಟ್ಟಿದ್ದರೆ ಫೋನ್ ಇದೆ: 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416. ಉಚಿತ, ದಿನದ 24 ಗಂಟೆಯೂ, ಕನ್ನಡದಲ್ಲೇ ಮಾತಾಡಬಹುದು. ಮಗುವಿಗೆ ಯಾರಿಂದಲಾದರೂ ತೊಂದರೆ ಆಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098.

"ಹುಚ್ಚಿನ ಡಾಕ್ಟರ್ ಹತ್ರ ಯಾಕೆ" ಅಂತ ಯಾರೋ ಅನ್ನುತ್ತಾರೆ. ಅನ್ನಲಿ. ಹಠಕ್ಕೆ ಅಂತಲೇ ಒಂದು ಗುಳಿಗೆ ಇಲ್ಲ. ಮುಖ್ಯ ಚಿಕಿತ್ಸೆ ಅಪ್ಪ ಅಮ್ಮನಿಗೆ ಕೊಡುವ ತರಬೇತಿ, ಮಗುವಿಗೆ ಸಿಟ್ಟು ಹಿಡಿಯಲು, ಸಮಸ್ಯೆ ಬಿಡಿಸಲು ಕಲಿಸುವುದು. ಜತೆಗೆ ಎ.ಡಿ.ಎಚ್.ಡಿ.ಯೋ ಖಿನ್ನತೆಯೋ ಇದ್ದರೆ ಅದಕ್ಕೆ ಔಷಧಿ ಕೊಡಬಹುದು. ಅದನ್ನು ವೈದ್ಯರು ತೀರ್ಮಾನಿಸುತ್ತಾರೆ.

ಹೋಗುವಾಗ ಇಬ್ಬರೂ ಹೋಗಿ. ಮಗನಿಗೆ ದಾರಿಯಲ್ಲಿ ಸುಳ್ಳು ಹೇಳಬೇಡಿ. "ನಮ್ಮಿಬ್ಬರ ಜಗಳ ಕಡಿಮೆ ಆಗೋಕೆ ಯಾರನ್ನಾದ್ರೂ ಕೇಳೋಣ, ನಾನೂ ಕಲೀಬೇಕು" ಅನ್ನಿ. ಶಾಲೆಯ ಅಂಕಪಟ್ಟಿ, ಹಳೇ ಚೀಟಿಗಳ ಜತೆ ಮೊದಲ ಹೆಜ್ಜೆಯ ಆ ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋಗಿ. ನಮಗೆ ಅಲ್ಲಿ ಕೇಳಿದ ಮೊದಲ ಪ್ರಶ್ನೆಗಳೇ ಅವು: ವಾರಕ್ಕೆ ಎಷ್ಟು ಸಲ, ಯಾವ ಹೊತ್ತಿಗೆ, ಅದಕ್ಕೆ ಮುಂಚೆ ಏನಾಗಿತ್ತು.